ಕೊನೆಯ ಸಿಲಿಂಡರಿನ ಪಾಲು

ಕಾಲುವೆ ನೀರಿನ ತಕರಾರನ್ನು ಕಂಪ್ಲಿಯ ರೈತರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಎಷ್ಟೇ ನೀರು ಬಿಟ್ಟರೂ ಮೇಲ್ಭಾಗದ ಗದ್ದೆಗಳು ಮೊದಲು ಕುಡಿಯುತ್ತವೆ. ಕೊನೆಭಾಗದವರು ತೂಬಿನ ಬಳಿ ಕಾಯುತ್ತಾರೆ. ಮೋಟಾರು ಎಂಜಿನ್ನಿನೊಳಗೂ ದಶಕಗಟ್ಟಲೆ ಇದೇ ಜಗಳ ನಡೆಯಿತು. ಅಲ್ಲಿನ ಕಾಲುವೆಯೇ ಇನ್‌ಟೇಕ್ ಮ್ಯಾನಿಫೋಲ್ಡ್. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನಿಂದ ಹೊರಟು, ಕವಲೊಡೆದು, ಸಿಲಿಂಡರುಗಳಿಗೆ ಗಾಳಿ ಬೆರೆತ ಪೆಟ್ರೋಲ್ ಒಯ್ಯುವ ಎರಕದ ಕೊಳವೆ.

ತೊಡಕೇನೆಂದರೆ, ಈ ಕೊಳವೆಯಲ್ಲಿ ಸಾಗುವ ಇಬ್ಬರಿಗೂ ಒಬ್ಬರಿಗೊಬ್ಬರು ಆಗಿಬರುವುದಿಲ್ಲ. ಗಾಳಿ ಹಗುರ, ತಿರುವು ಬಂದರೆ ತಿರುಗುತ್ತದೆ. ಪೆಟ್ರೋಲಿನ ಹನಿ ಭಾರ. ನೇರ ಹೋಗಿ ಗೋಡೆಗೆ ಬಡಿದು, ಅಲ್ಲೇ ಒಸರಿಕೊಂಡು ಹರಿಯುತ್ತದೆ. ಒಂದು ಸಿಲಿಂಡರಿಗೆ ಪೆಟ್ರೋಲ್ ಹೆಚ್ಚು, ಇನ್ನೊಂದಕ್ಕೆ ಬರೀ ಗಾಳಿ. ಹಳೆಯ ಮೆಕ್ಯಾನಿಕ್‌ಗಳು ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟು ನೋಡುತ್ತಿದ್ದುದು ಇದನ್ನೇ: ಒಂದು ಮಸಿ ಹಿಡಿದು ಕಪ್ಪಗೆ, ಪಕ್ಕದ್ದು ಸುಟ್ಟು ಬೆಳ್ಳಗೆ.

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರನ್ನೇ ತೆಗೆದುಕೊಳ್ಳಿ. ಸುಮಾರು 2.9 ಲೀಟರಿನ ಎಂಜಿನ್, ಶಕ್ತಿ ಬರೀ 20 ಅಶ್ವಶಕ್ತಿ. ನಾಲ್ಕು ಸಿಲಿಂಡರಿಗೆ ಒಳಬಾಗಿಲು ಎರಡೇ, ಎರಡೆರಡು ಸಿಲಿಂಡರಿಗೆ ಒಂದೊಂದು. ಉರಿಯುವ ಸರದಿ 1-2-4-3. ಅಂದರೆ ಒಂದೇ ಬಾಗಿಲಿನ ಜೋಡಿ ಬೆನ್ನುಬೆನ್ನಿಗೆ ಎಳೆದುಕೊಂಡು, ಆಮೇಲೆ ಸುಮ್ಮನಾಗುತ್ತದೆ. ಇಬ್ಬರ ಪಾಲು ಸಮವಾಗುವುದಾದರೂ ಹೇಗೆ? ಸಾಲದ್ದಕ್ಕೆ ಕಾರ್ಬುರೇಟರ್ ಕೆಳಗಿತ್ತು. ಪೆಟ್ರೋಲ್ ಮೇಲೇರಬೇಕಾದರೆ ಗಾಳಿಗೆ ವೇಗ ಬೇಕು, ವೇಗಕ್ಕೆ ಕೊಳವೆ ಸಣ್ಣದಿರಬೇಕು. ಸಣ್ಣದಾದರೆ ಕಾರು ಜೋರಾಗಿ ಓಡುವಾಗ ಎಂಜಿನ್ನಿಗೆ ಉಸಿರುಕಟ್ಟುತ್ತದೆ.

ಅಷ್ಟರಲ್ಲಿ ಕಾರುಗಳು ಹೆಚ್ಚಿದವು, ಪೆಟ್ರೋಲ್ ಸಾಲದಾಯಿತು. 1910ರ ದಶಕದಲ್ಲಿ ಸುಲಭವಾಗಿ ಆವಿಯಾಗದ ಭಾರದ ಅಂಶವನ್ನೂ ಅದಕ್ಕೆ ಸೇರಿಸತೊಡಗಿದರು. ಆಗ ಎಂಜಿನಿಯರುಗಳು ಹೂಡಿದ ಉಪಾಯ ನನಗೆ ತುಂಬಾ ಹಿಡಿಸುತ್ತದೆ: ಹೊಗೆ ಹೋಗುವ ಬಿಸಿ ಕೊಳವೆಗೆ ಇನ್‌ಟೇಕ್ ಕೊಳವೆಯನ್ನು ತಾಗಿಸಿಬಿಟ್ಟರು. ದಂಡವಾಗುತ್ತಿದ್ದ ಶಾಖವೇ ಹನಿಯನ್ನು ಆವಿ ಮಾಡಿತು. ಆದರೆ ಅತಿಯಾಗಿ ಕಾಯಿಸಿದರೆ ಗಾಳಿ ಹಿಗ್ಗಿ, ಸಿಲಿಂಡರಿಗೆ ಸೇರುವ ಪ್ರಮಾಣವೇ ಇಳಿಯುತ್ತದೆ, ಎಳೆತ ಕುಗ್ಗುತ್ತದೆ. ಕಾಯಿಸಲೂ ಬೇಕು, ಕಾಯಿಸಲೂಬಾರದು! 1930ರ ಸುಮಾರಿಗೆ ಕಾರ್ಬುರೇಟರನ್ನೇ ಮೇಲಕ್ಕೆ ಒಯ್ದರು. ಪೆಟ್ರೋಲ್ ತಾನಾಗಿ ಕೆಳಗಿಳಿಯಿತು, ಕೊಳವೆಯನ್ನು ಅಗಲಿಸಲು ಧೈರ್ಯ ಬಂತು.

ಈ ಕಥೆ ದೂರದ್ದೇನಲ್ಲ. ಹೊಸಪೇಟೆಯಿಂದ ಹಂಪಿಗೆ ಜನರನ್ನು ಕರೆದೊಯ್ದ ಪೆಟ್ರೋಲ್ ಅಂಬಾಸಿಡರ್ ನೆನಪಿದೆಯೇ? ಅದರ 1489 ಸಿಸಿ ಎಂಜಿನ್ನಿನಲ್ಲೂ ನಾಲ್ಕು ಸಿಲಿಂಡರಿಗೆ ಎರಡೇ ಒಳಬಾಗಿಲು. ಸಂಡೂರಿನ ಗುಡ್ಡದ ಏರಿನಲ್ಲಿ ಗೇರ್ ಇಳಿಸದೆ ಆಕ್ಸಲರೇಟರ್ ಪೂರ್ತಿ ಒತ್ತಿದರೆ ಕೊಳವೆಯಲ್ಲಿ ಗಾಳಿ ನಿಧಾನ, ಹನಿ ಗೋಡೆಗೆ ಅಂಟುತ್ತದೆ, ಗಾಡಿ ಮುಗ್ಗರಿಸುತ್ತದೆ. ಗೇರ್ ಇಳಿಸಿದರೆ ಎಂಜಿನ್ ಚುರುಕಾಗಿ ತಿರುಗಿ ಗಾಳಿಯ ವೇಗ ಮರಳುತ್ತದೆ. ಚಾಲಕರಿಗೆ ಇದು ಕೈಯಲ್ಲೇ ಗೊತ್ತಿತ್ತು.

2000ದ ಆಸುಪಾಸಿನಲ್ಲಿ ಹೊಗೆಯ ನಿಯಮ ಬಿಗಿಯಾಗಿ, ನಮ್ಮ ಕಾರುಗಳಿಗೆ ಇಂಜೆಕ್ಟರ್ ಬಂತು. ಪ್ರತಿ ಸಿಲಿಂಡರಿನ ಬಾಗಿಲಲ್ಲೇ ಅದರ ಪಾಲಿನ ಪೆಟ್ರೋಲ್ ಚಿಮ್ಮುತ್ತದೆ. ಕೊಳವೆಗೆ ಉಳಿದದ್ದು ಗಾಳಿ ಒಯ್ಯುವ ಕೆಲಸ ಮಾತ್ರ. ಕಾಯಿಸುವ ಗೋಜಿಲ್ಲದ ಕಾರಣ ಇಂದು ಅದನ್ನು ಪ್ಲಾಸ್ಟಿಕ್ಕಿನಲ್ಲೂ ಮಾಡುತ್ತಾರೆ.