ಕೇಳದ ಕಿವಿಗೆ ಅಕ್ಷರ, ಕಾಣದ ಕಣ್ಣಿಗೆ ಮಾತು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಯಕ್ರಮ ಪತ್ರಿಕೆಯಲ್ಲಿ ನಮ್ಮ ಭಾಷಣದ ವಿಷಯವನ್ನು ಕಂಡ ಕೆಲವರು, "ಪಗಾರದ ಮಾತಿಲ್ಲ, ಗ್ರಾಚ್ಯುಯಿಟಿಯ ಮಾತಿಲ್ಲ, ಇದೇನಪ್ಪಾ ಚಿತ್ರದ ಕೆಳಗೆ ಅಕ್ಷರ ಬರೆಯುವ ವಿಚಾರ?" ಎಂದು ಕೇಳಿದರು. ಕೇಳಿದುದರಲ್ಲಿ ತಪ್ಪಿಲ್ಲ. ಸಂಘವೆಂದ ಮೇಲೆ ಅನ್ನದ ಮಾತು ಮೊದಲು. ಆದರೆ ಬೆಳಗಿನ ನಾಲ್ಕಕ್ಕೆದ್ದು ಒಲೆ ಹಚ್ಚುವ ಭಟ್ಟರೂ, ರಾತ್ರಿ ಹನ್ನೊಂದರವರೆಗೆ ಟೇಬಲು ಒರೆಸುವ ಮಾಣಿಯೂ ಯಾರಿಗಾಗಿ ಮೈ ಮುರಿದುಕೊಳ್ಳುತ್ತಾರೆ? ಮಕ್ಕಳು ನಾಲ್ಕಕ್ಷರ ಕಲಿಯಲಿ ಎಂದೇ ಅಲ್ಲವೆ? ಆ ಮಕ್ಕಳಲ್ಲಿ ಒಂದಕ್ಕೆ ಕಿವಿ ಕೇಳದಿದ್ದರೆ, ಇನ್ನೊಂದಕ್ಕೆ ಕಣ್ಣು ಕಾಣದಿದ್ದರೆ, ಅದರ ಓದಿಗೆ ಬೇಕಾದ ಸಲಕರಣೆಯ ಖರ್ಚು ಯಾರ ತಲೆಯ ಮೇಲೆ? ತಂದೆಯದೆ, ದಾನಿಗಳದೆ, ಸರಕಾರದ್ದೆ? ಇಷ್ಟೇ ನಮ್ಮ ವಿಷಯ.

ಗಿರಣಿಯಲ್ಲಿ ದುಡಿದ ಹಿರಿಯರು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. 1982ರ ಮುಷ್ಕರದ ಬಳಿಕ ಗಿರಣಿಗಳ ಚಿಮಣಿಗಳು ಒಂದೊಂದಾಗಿ ಆರಿಹೋದವು. ಆ ಜಾಗದಲ್ಲಿ ಈಗ ಮಾಲುಗಳು ನಿಂತಿವೆ. ಆದರೆ ಮಗ್ಗದ ಖಾತೆಯ ಗದ್ದಲವನ್ನು ಅವರು ಮರೆತಿಲ್ಲ. ಅಲ್ಲಿ ಬಾಯಿ ತೆರೆದು ಕೂಗಿದರೂ ಪಕ್ಕದವನಿಗೆ ಕೇಳಿಸುತ್ತಿರಲಿಲ್ಲ. ಕೈ ಸನ್ನೆ, ತುಟಿಯ ಅಲುಗಾಟ, ಹುಬ್ಬಿನ ಏರಿಳಿತ, ಇವುಗಳಿಂದಲೇ ಇಡೀ ಪಾಳಿ ಮಾತನಾಡಿಕೊಳ್ಳುತ್ತಿತ್ತು. ಕೆಲವರ ಕಿವಿ ಅಲ್ಲೇ ಹೋಯಿತು. ಕೇಳದವನೊಡನೆ ಮಾತನಾಡುವುದು ಹೇಗೆಂದು ಅವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಹಳೆಯ ಒಂದು ಸಂಗತಿಯಿಂದ ತೊಡಗೋಣ. ಮೂಕಿ ಚಿತ್ರಗಳ ಕಾಲದಲ್ಲಿ ಎರಡು ದೃಶ್ಯಗಳ ನಡುವೆ ಬರಹದ ಹಲಗೆ ಬರುತ್ತಿತ್ತು. ಫಾಲ್ಕೆಯವರು 1913ರಲ್ಲಿ ತೋರಿಸಿದ 'ರಾಜಾ ಹರಿಶ್ಚಂದ್ರ'ದಲ್ಲಿಯೂ ಹಾಗೆಯೇ. ಅಕ್ಷರ ಬಲ್ಲವರು ಗಟ್ಟಿಯಾಗಿ ಓದುತ್ತಿದ್ದರು, ಬಾರದವರು ಕೇಳುತ್ತಿದ್ದರು. ಕಿವಿ ಕೇಳದವನೂ ನಾಲ್ಕು ಜನರ ಸಮಕ್ಕೆ ಕುಳಿತು ಕಥೆ ತಿಳಿಯುತ್ತಿದ್ದ. 1931ರ ಮಾರ್ಚ್ 14ರಂದು ಇದೇ ಮುಂಬಯಿಯ ಗಿರಗಾಂವಿನ ಮೆಜೆಸ್ಟಿಕ್ ಥಿಯೇಟರಿನಲ್ಲಿ 'ಆಲಂ ಆರಾ' ಮಾತನಾಡಿತು. ಊರೆಲ್ಲ ಹಬ್ಬ ಮಾಡಿತು. ಮೂರು ವರ್ಷಕ್ಕೆ 'ಸತಿ ಸುಲೋಚನಾ' ಬಂದು ಕನ್ನಡವೂ ಪರದೆಯ ಮೇಲೆ ಮಾತನಾಡಿತು. ಆದರೆ ಚಿತ್ರಕ್ಕೆ ಬಾಯಿ ಬಂದ ದಿನವೇ ಕಿವಿ ಕೇಳದವರ ಪಾಲಿಗೆ ಥಿಯೇಟರಿನ ಬಾಗಿಲು ಮುಚ್ಚಿತು.

ಅಮೇರಿಕೆಯಲ್ಲಿ ಇದು ಕೆಲವು ವರ್ಷ ಮೊದಲೇ ನಡೆಯಿತು. ಎಮರ್ಸನ್ ರೊಮೇರೊ ಎಂಬವರು ಕ್ಯೂಬಾದಲ್ಲಿ ಹುಟ್ಟಿದವರು, ಕಿವಿ ಕೇಳದವರು, ಮೂಕಿ ಹಾಸ್ಯಚಿತ್ರಗಳಲ್ಲಿ ನಟರಾಗಿದ್ದವರು. ಟಾಕಿ ಬಂದು ಅವರ ಕೆಲಸವೂ ಹೋಯಿತು, ನೋಡುವ ಸುಖವೂ ಹೋಯಿತು. 1947ರಲ್ಲಿ ಅವರು ತಾವೇ ಚಿತ್ರಗಳನ್ನು ಕೊಂಡು, ನಡುನಡುವೆ ಬರಹದ ತುಂಡುಗಳನ್ನು ಅಂಟಿಸಿ, ಕಿವುಡರ ಕ್ಲಬ್ಬುಗಳಿಗೆ ಬಾಡಿಗೆಗೆ ಕೊಡತೊಡಗಿದರು. ಅಂಟಿಸಿದಲ್ಲೆಲ್ಲ ಚಿತ್ರ ನಿಲ್ಲುತ್ತಿತ್ತು. ಕೇಳುವವರಿಗೆ ಅದು ಬೇಸರ. ಆದರೂ ದಾರಿಯೊಂದು ಕಂಡಿತು. ಆಮೇಲೆ ಹಾರ್ಟ್‌ಫರ್ಡಿನ ಕಿವುಡರ ಶಾಲೆಯ ಮುಖ್ಯಸ್ಥ ಎಡ್ಮಂಡ್ ಬೋಟ್ನರ್, ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಶಾಲೆಯ ಕ್ಲಾರೆನ್ಸ್ ಓಕಾನರ್ ಇವರು ಸೇರಿ ದಾನದ ಹಣದಿಂದ ಒಂದು ಸಂಸ್ಥೆ ಕಟ್ಟಿ, ಚಿತ್ರದ ಮೇಲೆಯೇ ಅಕ್ಷರ ಮೂಡಿಸಿ ಶಾಲೆಗಳಿಗೆ ಕಳಿಸಿದರು.

ದಾನದ ಹಣ ಎಷ್ಟು ದಿನ ಬಂದೀತು? ನಾವೂ ವರ್ಗಣಿ ಎತ್ತಿ ನೋಡಿದವರು. ಮೊದಲ ವರ್ಷ ಉತ್ಸಾಹ, ಎರಡನೆಯ ವರ್ಷ ರಸೀತಿ ಪುಸ್ತಕ ಅರ್ಧ, ಮೂರನೆಯ ವರ್ಷ ನಮ್ಮ ಮುಖ ಕಂಡರೆ ಜನ ಎದುರಿನ ಫುಟ್‌ಪಾತಿಗೆ ದಾಟುತ್ತಾರೆ. ಬೋಟ್ನರ್ ಅವರಿಗೂ ಇದು ತಿಳಿಯಿತು. ಅವರು ಸರಕಾರದ ಬಾಗಿಲಿಗೆ ಹೋದರು. 1958ರ ಸೆಪ್ಟೆಂಬರ್ 2ರಂದು ಅಧ್ಯಕ್ಷ ಐಸೆನ್‌ಹೋವರ್ ಅವರು ಸಹಿ ಹಾಕಿದ ಕಾಯಿದೆಯಿಂದ ಈ ಕೆಲಸ ಸರಕಾರದ ಶಿಕ್ಷಣ ಕಚೇರಿಯದಾಯಿತು. ವರ್ಷಕ್ಕೆ ಎರಡೂವರೆ ಲಕ್ಷ ಡಾಲರು ಮೀರದಂತೆ ಹಣ. ಇಡೀ ದೇಶಕ್ಕೆ ಇದು ಏನೂ ಅಲ್ಲ. ಆದರೂ ಅದು ಬಜೆಟ್ಟಿನಲ್ಲಿ ಬಂದ ಒಂದು ಸಾಲು. ನಾಲ್ಕು ವರ್ಷಗಳಲ್ಲಿ, 1962ರಲ್ಲಿ, ಕಾಯಿದೆ ತಿದ್ದಿ ಹದಿನೈದು ಲಕ್ಷ ಡಾಲರಿಗೆ ಏರಿಸಿದರು. ಮನರಂಜನೆಯ ಚಿತ್ರಗಳ ಜೊತೆಗೆ ಪಾಠದ ಚಿತ್ರಗಳನ್ನೂ ತಯಾರಿಸುವ, ಜನರನ್ನು ತರಬೇತು ಮಾಡುವ ಅಧಿಕಾರ ಕೊಟ್ಟರು. ರೀಲುಗಳು ಅಂಚೆಯಲ್ಲಿ ಶಾಲೆಗೆ ಬರುತ್ತಿದ್ದವು, ತೋರಿಸಿ ಹಿಂದಕ್ಕೆ ಕಳಿಸುತ್ತಿದ್ದರು, ಬಾಡಿಗೆ ಇಲ್ಲ. 1960ರಲ್ಲಿ ಆ ಕಚೇರಿಗೆ ಸೇರಿ ಮುಂದೆ ಅದನ್ನು ನಡೆಸಿದ ಮಾಲ್ಕಂ ನಾರ್‌ವುಡ್ ಅವರೂ ಕಿವಿ ಕೇಳದವರೇ. ಹಸಿದವನ ಕೈಗೇ ಸಟ್ಟುಗ ಕೊಟ್ಟಂತಾಯಿತು. ಈ ವ್ಯವಸ್ಥೆಯಲ್ಲಿ ನಮಗೆ ಅತಿ ಮೆಚ್ಚಿಗೆಯಾದುದು ಇದೇ.

ಹೋಟೆಲಿನವರಿಗೆ ಖುಷಿ ಕೊಡುವ ಒಂದು ಮಾತು: ಅಮೇರಿಕೆಯಲ್ಲಿ ದೇಶಕ್ಕೆಲ್ಲ ಕಾಣುವಂತೆ ಅಕ್ಷರಸಹಿತ ಬಂದ ಮೊದಲ ಟೆಲಿವಿಷನ್ ಕಾರ್ಯಕ್ರಮ ಯಾವುದು ಗೊತ್ತೆ? 1972ರಲ್ಲಿ, ಜೂಲಿಯಾ ಚೈಲ್ಡ್ ಎಂಬಾಕೆ ನಡೆಸಿಕೊಟ್ಟ ಅಡುಗೆಯ ಪಾಠ! ಬಾಸ್ಟನ್ನಿನ ಕೇಂದ್ರದವರು ಮಾಡಿದ್ದು. ಬಳಿಕ 1990ರ ಕಾಯಿದೆಯು, 1993ರ ಜುಲೈಯಿಂದ ಅಲ್ಲಿ ಮಾರುವ 13 ಅಂಗುಲ ಮತ್ತು ಅದಕ್ಕೂ ದೊಡ್ಡ ಟೀವಿಗಳ ಒಳಗೇ ಅಕ್ಷರ ಮೂಡಿಸುವ ಸಲಕರಣೆ ಇರತಕ್ಕದ್ದೆಂದು ವಿಧಿಸಿತು. ಅದಕ್ಕೆ ಮೊದಲು ಕಿವಿ ಕೇಳದವರು ಬೇರೆ ಪೆಟ್ಟಿಗೆಯನ್ನು ಸ್ವಂತ ದುಡ್ಡಿನಿಂದ ಕೊಳ್ಳಬೇಕಿತ್ತು.

ಕಣ್ಣು ಕಾಣದವರ ವಿಷಯ ಇನ್ನೂ ತಡವಾಗಿ ಬಂತು. ವಾಷಿಂಗ್ಟನ್ನಿನಲ್ಲಿ ಮಾರ್ಗರೆಟ್ ಫ್ಯಾನ್‌ಸ್ಟೀಲ್ ಎಂಬ ಕಣ್ಣು ಕಾಣದ ಮಹಿಳೆ, ಮುಂದೆ ತನ್ನ ಗಂಡನಾದವರೊಡನೆ ಸೇರಿ, 1981ರಲ್ಲಿ ನಾಟಕಗಳಿಗೆ ಮಾತಿನ ವಿವರಣೆ ಕೊಡುವ ಪದ್ಧತಿ ತೊಡಗಿದರು. ಪಾತ್ರಗಳು ಸುಮ್ಮನಿರುವ ಎಡೆಯಲ್ಲಿ ಒಬ್ಬರು ಮೆಲ್ಲಗೆ ಹೇಳುವುದು: "ಆಕೆ ಕಾಗದ ಹರಿದಳು. ಬಾಗಿಲ ಬಳಿ ನಿಂತಳು." ಇಷ್ಟೇ. ಆಕೆಗೆ ಸಿಟ್ಟು ಬಂದಿದೆ ಎಂದು ಹೇಳಬಾರದು. ಕಂಡದ್ದನ್ನು ಹೇಳಬೇಕು, ಸಿಟ್ಟನ್ನು ಕೇಳುವವನೇ ತಿಳಿಯುತ್ತಾನೆ. ಕ್ರಮೇಣ ಪಾಠದ ಚಿತ್ರಗಳಿಗೂ ಈ ವಿವರಣೆ ಸೇರಿ, ಸರಕಾರದ ಹಣವು ಎರಡಕ್ಕೂ ಸಲ್ಲತೊಡಗಿತು. ಇದನ್ನು ವರ್ಷಾಂತರಗಳಿಂದ ನಡೆಸಿಕೊಂಡು ಬಂದುದು 1880ರಲ್ಲಿ ಹುಟ್ಟಿದ ಅಲ್ಲಿಯ ಕಿವುಡರ ರಾಷ್ಟ್ರೀಯ ಸಂಘವೇ. ಹಣ ಸರಕಾರದ್ದು, ಕೆಲಸ ಸಂಘದ್ದು, ಪಾಠ ಮಗುವಿನ ಮನೆಗೆ ಪುಕ್ಕಟೆ. 2004ರ ಕಾಯಿದೆ ಇನ್ನೊಂದು ಜಾಣತನ ಮಾಡಿದೆ: ಚಿತ್ರ ತಯಾರಿಸಿದವನು ತಾನೇ ಅಕ್ಷರ ಹಾಕಿಸದಲ್ಲಿ ಮಾತ್ರ ಸರಕಾರದ ಹಣ. ಲಾಭ ಎಣಿಸುವವನ ಖರ್ಚನ್ನು ಜನರ ತೆರಿಗೆಯಿಂದ ತುಂಬಬಾರದಲ್ಲ!

ಅಕ್ಷರ ಹಾಕುವುದೆಂದರೆ ಆಡಿದ್ದನ್ನು ಗೀಚುವುದಲ್ಲ. ಒಂದು ಸಲಕ್ಕೆ ಎರಡು ಸಾಲು ಮೀರಬಾರದು. ಚಿಕ್ಕ ಮಕ್ಕಳಿಗೆ ಓದಲು ಹೊತ್ತು ಬೇಕು, ಆದುದರಿಂದ ಬೇಗ ಬೇಗ ಓಡಿಸಬಾರದು. ಯಾರು ಆಡಿದರು, ಹೊರಗೆ ಗುಡುಗಿತೆ, ಗಂಟೆ ಬಾರಿಸಿತೆ ಎಂಬುದನ್ನೂ ಬರೆಯಬೇಕು. ಈಗ ಯಂತ್ರವೇ ಬರೆಯುತ್ತದೆ ಎನ್ನುತ್ತಾರೆ. ಬರೆಯುತ್ತದೆ ನಿಜ, ಆದರೆ ವಿಜ್ಞಾನದ ಪಾಠದಲ್ಲಿ ಒಂದು ಮಾತು ತಪ್ಪಿದರೆ, ಆ ಮಗುವಿಗೆ ಸರಿಯಾದ ಮಾತು ಬೇರೆ ಕಡೆಯಿಂದ ಕೇಳಿಸುವುದಿಲ್ಲವಷ್ಟೆ? ತಿದ್ದಲು ಮನುಷ್ಯ ಬೇಕು, ಮನುಷ್ಯನಿಗೆ ಪಗಾರ ಬೇಕು.

ಇನ್ನೊಂದು ವಿಚಾರವನ್ನು ಮುಚ್ಚಿಡುವುದು ಸರಿಯಲ್ಲ. ಓದಲು ಬಾರದ ಮಗುವಿಗೆ ಅಕ್ಷರದಿಂದ ಏನು ಉಪಯೋಗ? ಹುಟ್ಟಿನಿಂದ ಕೇಳದ ಮಗುವಿಗೆ ಮೊದಲು ಒಂದು ಭಾಷೆ ಬೇಕು, ಅದು ಸನ್ನೆಭಾಷೆ. ಸನ್ನೆಯಿಂದ ಅಕ್ಷರಕ್ಕೆ, ಅಕ್ಷರದಿಂದ ಪುಸ್ತಕಕ್ಕೆ. ನಮ್ಮವರ ಮನೆಗಳಲ್ಲಂತೂ ಇನ್ನೊಂದು ತೊಡಕು: ಒಲೆಯ ಮುಂದೆ ತುಳು, ಸಂಘದಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಟೀವಿಯಲ್ಲಿ ಹಿಂದಿ. ಕೇಳುವ ಮಗು ನಾಲ್ಕನ್ನೂ ಆಡುತ್ತಾಡುತ್ತಲೇ ಕಲಿಯುತ್ತದೆ. ಕೇಳದ ಮಗುವಿಗೆ ಯಾವ ಭಾಷೆಯ ಅಕ್ಷರ ಹಾಕುತ್ತೀರಿ? ಅದು ಯಾವ ಶಾಲೆಯಲ್ಲಿ ಓದುತ್ತದೋ ಆ ಭಾಷೆಯದು ಮೊದಲು ಸಿಗಲಿ, ತಾಯಿಯ ಭಾಷೆಯದು ಜೊತೆಗೆ ಬರಲಿ ಎಂದು ನಮ್ಮ ಅಭಿಪ್ರಾಯ. ಬೇರೆ ಅಭಿಪ್ರಾಯದವರು ಭಾಷಣದ ನಂತರ ಹೇಳಬಹುದು.

ನಮ್ಮ ದೇಶದಲ್ಲಿ ಏನೂ ಆಗಿಲ್ಲವೆಂದರೆ ಸುಳ್ಳಾದೀತು. ಮಜಗಾಂವಿನಲ್ಲಿ ಕಿವುಡ ಮಕ್ಕಳ ಶಾಲೆ 1880ರ ದಶಕದಲ್ಲೇ ಹುಟ್ಟಿತು. ಮೈಸೂರಿನಲ್ಲಿ 1901ರಲ್ಲಿ ಕುರುಡ ಕಿವುಡ ಮಕ್ಕಳಿಗೆ ಶಾಲೆಯಾಯಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರನ್ನು ನಿಮಗೆ ಹೇಳಬೇಕಾಗಿಯೇ ಇಲ್ಲ. ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ಅಲ್ಲಿ ಎಷ್ಟು ಮಕ್ಕಳಿಗೆ ಅನ್ನ, ವಿದ್ಯೆ ಕೊಟ್ಟರು! ಆದರೆ ಪುಣ್ಯಾಶ್ರಮ ಇದ್ದುದರಿಂದ ಸರಕಾರಕ್ಕೆ ಕರ್ತವ್ಯವಿಲ್ಲವೆಂದಾಗದು.

2011ರ ಜನಗಣತಿಯಲ್ಲಿ ನಮ್ಮ ದೇಶದ ಅಂಗವಿಕಲರು 2 ಕೋಟಿ 68 ಲಕ್ಷ. ಕಾಣದವರು ಸುಮಾರು 50 ಲಕ್ಷ, ಕೇಳದವರು ಅಷ್ಟೇ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಏನು ಹೇಳುತ್ತದೆ ನೋಡಿ. 40 ಶೇಕಡಕ್ಕೆ ಕಡಿಮೆಯಿಲ್ಲದ ಊನವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಪುಕ್ಕಟೆ ಶಿಕ್ಷಣ; 18ರವರೆಗೆ ಪುಸ್ತಕ, ಕಲಿಕೆಯ ಸಾಮಾನು, ಸಲಕರಣೆ ಪುಕ್ಕಟೆ. 42ನೆಯ ಕಲಮು: ಚಿತ್ರಕ್ಕೆ ಮಾತಿನ ವಿವರಣೆ, ಸನ್ನೆಭಾಷೆ, ಅಕ್ಷರ, ಇವೆಲ್ಲ ದೊರಕುವಂತೆ ಸರಕಾರ ನೋಡಿಕೊಳ್ಳತಕ್ಕದ್ದು. 2015ರಲ್ಲಿ ದಿಲ್ಲಿಯಲ್ಲಿ ಭಾರತೀಯ ಸನ್ನೆಭಾಷೆಯ ಕೇಂದ್ರ ಸ್ಥಾಪನೆಯಾಯಿತು; ಅದರ ನಿಘಂಟಿನಲ್ಲಿ 2021ರ ಹೊತ್ತಿಗೆ 10,000 ಶಬ್ದಗಳು. ಪಠ್ಯಪುಸ್ತಕಗಳನ್ನು ಸನ್ನೆಗೆ ತರಲು 2020ರ ಅಕ್ಟೋಬರಿನಲ್ಲಿ ಎನ್‌ಸಿಇಆರ್‌ಟಿಯೊಡನೆ ಒಪ್ಪಂದವಾಯಿತು. 2024ರ ಡಿಸೆಂಬರ್ 6ರಂದು ಪಿಎಂ ಈ-ವಿದ್ಯಾದ 31ನೆಯ ಚಾನೆಲು ಸನ್ನೆಭಾಷೆಗೆಂದೇ ತೆರೆಯಿತು. ಒಳ್ಳೆಯ ಕೆಲಸ, ಕೈ ತಟ್ಟೋಣ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಮ್ಮನೆ ಹುಟ್ಟಿತೆ? 2020ರಲ್ಲಿ ಹೋಟೆಲುಗಳಿಗೆ ಬೀಗ ಬಿದ್ದಾಗ ನಮ್ಮ ಸದಸ್ಯರೊಬ್ಬರು ಹೆಂಡತಿ ಮಕ್ಕಳೊಡನೆ ಖೋಲಿಯಲ್ಲೇ ಉಳಿದರು. ಶಾಲೆಯ ಪಾಠವೆಲ್ಲ ಮೊಬೈಲಿಗೆ ಬಂತು. ಅವರ ಕಿರಿಯ ಹುಡುಗಿಗೆ ಕಿವಿ ಕೇಳದು. ಅಂಗೈಯಗಲದ ಗಾಜಿನಲ್ಲಿ ಮಾಸ್ತರರ ತುಟಿ ಕಡಲೆಕಾಳಿನಷ್ಟು ಕಾಣುತ್ತಿತ್ತು, ಕೆಳಗೆ ಒಂದಕ್ಷರವಿಲ್ಲ. ಅಣ್ಣ ಪಕ್ಕದಲ್ಲಿ ಕುಳಿತು ಪಾಠ ಕೇಳಿ ಕೇಳಿ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದ. ತನ್ನ ಪಾಠ ಬಿಟ್ಟು! ಶಾಲೆಗೆ ಹೋಗಿ ಕೇಳಿದರೆ, "ಮೇಲಿನಿಂದ ಬಂದ ಪಾಠ, ನಾವೇನು ಮಾಡೋಣ?" ಎಂದರು. ಮೇಲಿನವರನ್ನು ಕೇಳಿದರೆ ಶಾಲೆಯನ್ನು ಕೇಳಿರಿ ಎಂದರು. ಹತ್ತು ವರ್ಷದ ಆ ಹುಡುಗ ಪಗಾರವಿಲ್ಲದೆ ಮಾಡಿದ ಕೆಲಸಕ್ಕೆ ಅಮೇರಿಕೆಯಲ್ಲಿ 1958ರಲ್ಲೇ ಬಜೆಟ್ಟಿನಲ್ಲಿ ಸಾಲು ಇತ್ತು, ಬಂಧುಗಳೇ.

ಆದುದರಿಂದ ನಮ್ಮ ಸಂಘದ ಬೇಡಿಕೆ ಸರಳವಾದುದು. ಸರಕಾರದ ಹಣದಿಂದ ಯಾವ ಪಾಠದ ಚಿತ್ರ ತಯಾರಾದರೂ ಅಕ್ಷರ ಮತ್ತು ಮಾತಿನ ವಿವರಣೆ ಅದರೊಡನೆಯೇ ಇರಬೇಕು. ಇಲ್ಲದಿದ್ದರೆ ಗುತ್ತಿಗೆಯವನಿಗೆ ಕೊನೆಯ ಕಂತು ತಡೆಯಬೇಕು. ಹಳೆಯ ಪಾಠಗಳಿಗೆ ಹಾಕಿಸಲು ಬೇರೆ ಹಣ ಎತ್ತಿಡಬೇಕು. ಬರೆಯುವವರಿಗೆ ಸಂಬಳ ಕೊಡಬೇಕು. ಸೇವೆ, ತ್ಯಾಗ ಎಂದು ಬೆನ್ನು ಚಪ್ಪರಿಸಿ ಕಳಿಸಬಾರದು. ಹೋಟೆಲಿನಲ್ಲಿ ಆ ಚಪ್ಪರಿಕೆ ನಮಗೆ ಸಾಕಷ್ಟಾಗಿದೆ. ಇದು ಕೇಳದ ಮಕ್ಕಳಿಗೆ ಮಾತ್ರ ಉಪಕಾರವೆಂದು ತಿಳಿಯಬೇಡಿ. ಅಹಮದಾಬಾದಿನ ಬ್ರಿಜ್ ಕೊಠಾರಿಯವರು 1990ರ ದಶಕದಲ್ಲಿ ದೂರದರ್ಶನದ ಸಿನೇಮಾ ಹಾಡುಗಳಿಗೆ ಅದೇ ಭಾಷೆಯ ಅಕ್ಷರ ಹಾಕಿಸುವ ಕೆಲಸ ತೊಡಗಿದ್ದು, ಅರೆಬರೆ ಓದುಬರುವವರಿಗೆ ಹಾಡಿನ ಜೊತೆ ಓದು ಗಟ್ಟಿಯಾಗಲಿ ಎಂದೇ. ಇಲ್ಲಿ ಮೂರನೆಯ ಇಯತ್ತೆಗೆ ಶಾಲೆ ಬಿಟ್ಟು ಬಂದವರು ಎಷ್ಟು ಜನರಿದ್ದೇವೆ, ಕೈ ಎತ್ತಿಸಿದರೆ ಅರ್ಧ ಸಭೆ ಎದ್ದೀತು.

ಅರ್ಜಿಯ ಕರಡು ಮೇಜಿನ ಮೇಲಿದೆ. ಕನ್ನಡದಲ್ಲೂ ಮರಾಠಿಯಲ್ಲೂ ಇದೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿರಿ. ಮನೆಯಲ್ಲಿ ಇಂಥ ಮಗುವಿದ್ದವರು ನಾಚಿಕೊಂಡು ಹಿಂದೆ ಕುಳಿತುಕೊಳ್ಳಬೇಡಿ. ಅಂಗವಿಕಲರ ಗುರುತಿನ ಚೀಟಿ ಇನ್ನೂ ಮಾಡಿಸದಿದ್ದರೆ ಭಾನುವಾರ ಮೂರು ಗಂಟೆಗೆ ಸಂಘದ ಕೋಣೆಗೆ ಆಧಾರ್ ಕಾರ್ಡು, ಫೋಟೊ ತೆಗೆದುಕೊಂಡು ಬನ್ನಿ, ಅರ್ಜಿ ತುಂಬಿಕೊಡುತ್ತೇವೆ. ಕಿವಿಯ ಪರೀಕ್ಷೆಗೆ ಬಾಂದ್ರಾ ರೆಕ್ಲಮೇಶನ್ನಿನಲ್ಲಿ ಕೇಂದ್ರ ಸರಕಾರದ ಅಲಿ ಯಾವರ್ ಜಂಗ್ ಸಂಸ್ಥೆ 1983ರಿಂದ ಇದೆ. ಒಬ್ಬರೇ ಹೋಗಲು ಅಂಜಿಕೆಯಾದರೆ, ಪಾಳಿ ಬದಲಿಸಿಕೊಂಡು ನಮ್ಮಲ್ಲೊಬ್ಬರು ಜೊತೆಗೆ ಬರುತ್ತೇವೆ.