ರಂಗದ ಮೇಲಿನ ಅಂಧ

ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ನಾನು ನೋಡಿದ ಕಂಪನಿ ನಾಟಕಗಳಲ್ಲಿ ಅಂಧನಿಗೆ ಎರಡೇ ಪಾತ್ರ: ಎಡವಿ ಬಿದ್ದು ನಗಿಸುವುದು, ಇಲ್ಲವೆ ಬೇಡಿ ಅಳಿಸುವುದು.

ಇದೇ ಸೀಮೆಯ ಗದಗಿನಲ್ಲಿ, ಶೈಶವದಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು (1914–2010) ನಾಟಕ ಬರೆದರು, ಆಡಿಸಿದರು. ಕಂಪನಿಯ ಗಳಿಕೆಯಿಂದ ವೀರೇಶ್ವರ ಪುಣ್ಯಾಶ್ರಮದ ಮಕ್ಕಳಿಗೆ ಅನ್ನವಿಕ್ಕಿದರು. ಅವರ ಗುರುಗಳೂ ಅಂಧರೇ. ಆ ಗುರುಗಳನ್ನು ಕುರಿತ ‘ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರ 1995ರಲ್ಲಿ ಬಂದಾಗ ಅಂಧನಿಗೆ ಮೂರನೆಯ ಪಾತ್ರ ದೊರೆಯಿತು: ಮಹಾತ್ಮ.

ಆ ಗೌರವ ಯೋಗ್ಯವೇ. ಆದರೆ ಅಂಧರೆಲ್ಲರೂ ಗವಾಯಿಗಳಾಗಬೇಕೆ? ಸಂತೆಗೆ ಹೋಗುವ, ಸಾಲ ತೀರಿಸುವ, ಮಡದಿಯೊಡನೆ ಮುನಿಯುವ ಅಂಧನನ್ನು ನಾನಿನ್ನೂ ರಂಗದ ಮೇಲೆ ಕಂಡಿಲ್ಲ.

ಚಿತ್ರ ನಿರ್ಮಿಸುವವರು ಅಂಗವಿಕಲರೊಡನೆಯೇ ಸಮಾಲೋಚಿಸಬೇಕೆಂದು 2024ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆ ಮಾತು ನಮ್ಮ ನಾಟಕಕಾರರಿಗೂ ಸಲ್ಲುತ್ತದೆ.