ಮೂವತ್ತು ದಿನಗಳೊಳಗೆ: ಅವಧಿಪೂರ್ವ ಶಿಶುಗಳ ಕಣ್ಣಿನ ತಪಾಸಣೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಪಾಂಡವಪುರ, ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಮೇಲುಕೋಟೆಯಲ್ಲಿ ಏರ್ಪಡಿಸಿದ್ದ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕುಡಿಯುವ ನೀರು, ಚರಂಡಿ, ಬೀದಿದೀಪಗಳ ವಿಷಯ ನಮ್ಮ ಎಲ್ಲ ಸಭೆಗಳಲ್ಲಿಯೂ ಚರ್ಚೆಗೆ ಬರುತ್ತದೆ. ಸಭೆಯ ನಡಾವಳಿಯಲ್ಲಿ ಸಾಮಾನ್ಯವಾಗಿ ಕಾಣಿಸದ ಒಂದು ವಿಷಯವನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇನೆ. ದಿನ ತುಂಬುವ ಮೊದಲೇ ಹುಟ್ಟಿ, ವೈದ್ಯರ ಶ್ರಮದಿಂದ ಬದುಕುಳಿದು ಮನೆಗೆ ಬಂದ ಕೂಸು, ಕೇವಲ ಒಂದು ತಪಾಸಣೆ ತಪ್ಪಿದ ಕಾರಣಕ್ಕೆ ಜೀವಮಾನವಿಡೀ ದೃಷ್ಟಿ ಕಳೆದುಕೊಳ್ಳಬಹುದು. ಆ ಕಾಯಿಲೆಗೆ ಅವಧಿಪೂರ್ವ ಶಿಶುಗಳ ಅಕ್ಷಿಪಟಲ ರೋಗವೆಂದು ಹೆಸರು. ಆಸ್ಪತ್ರೆಗಳಲ್ಲಿ ಅದನ್ನು ಸಂಕ್ಷಿಪ್ತವಾಗಿ ಆರ್‌ಒಪಿ ಎನ್ನುತ್ತಾರೆ.

ಕಣ್ಣಿನ ಹಿಂಭಾಗದಲ್ಲಿರುವ, ಬೆಳಕನ್ನು ಗ್ರಹಿಸುವ ತೆಳುವಾದ ಪದರವೇ ಅಕ್ಷಿಪಟಲ. ಅದಕ್ಕೆ ರಕ್ತ ಒದಗಿಸುವ ನಾಳಗಳು ಗರ್ಭದ ನಾಲ್ಕನೆಯ ತಿಂಗಳಿನ ವೇಳೆಗೆ ನಡುವಿನಿಂದ ಅಂಚಿನ ಕಡೆಗೆ ಬೆಳೆಯತೊಡಗಿ, ದಿನ ತುಂಬುವ ಹೊತ್ತಿಗೆ ಪೂರ್ಣಗೊಳ್ಳುತ್ತವೆ. ಮಗು ಮೊದಲೇ ಹುಟ್ಟಿದರೆ ಈ ಬೆಳವಣಿಗೆ ಅರ್ಧದಲ್ಲಿ ನಿಲ್ಲುತ್ತದೆ. ಕೆಲವು ಶಿಶುಗಳಲ್ಲಿ ಅನಂತರ ನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು, ಅಕ್ಷಿಪಟಲವನ್ನು ಎಳೆದು, ಅದರ ಸ್ಥಾನದಿಂದ ಕಳಚಿಹಾಕುತ್ತವೆ. ಮಗುವಿನ ಪ್ರಾಣ ಉಳಿಸುವ ಆಮ್ಲಜನಕವೇ ಅಳತೆ ಮೀರಿದಾಗ ಈ ರೋಗಕ್ಕೆ ಮುಖ್ಯ ಕಾರಣಗಳಲ್ಲೊಂದಾಗುತ್ತದೆ. 1940ರ ಮತ್ತು 1950ರ ದಶಕಗಳಲ್ಲಿ ಅಮೆರಿಕ ಮತ್ತು ಯೂರೋಪಿನ ಸಾವಿರಾರು ಮಕ್ಕಳು ಹೀಗೆಯೇ ಕುರುಡಾದ ಬಳಿಕ ಈ ಸಂಬಂಧ ಬೆಳಕಿಗೆ ಬಂದಿತು.

ಇಂದು ಆ ಅಪಾಯ ನಮ್ಮಂತಹ ದೇಶಗಳ ಪಾಲಿಗೆ ಬಂದಿದೆ. ಭಾರತದಲ್ಲಿ 2020ರಲ್ಲಿ ಸುಮಾರು 30 ಲಕ್ಷ ಶಿಶುಗಳು ಅವಧಿಗೆ ಮುನ್ನ ಜನಿಸಿದವೆಂಬ ಅಂದಾಜಿದೆ. ಹಿಂದೆ ಉಳಿಯದಿದ್ದ ಇಂತಹ ಶಿಶುಗಳು ಇಂದು ನವಜಾತ ಶಿಶು ಘಟಕಗಳಲ್ಲಿ ಬದುಕುಳಿಯುತ್ತಿವೆ. ಇದು ಸಂತೋಷದ ಸಂಗತಿ. ಆದರೆ ಜೀವ ಉಳಿಸುವ ವ್ಯವಸ್ಥೆ ಬೆಳೆದಷ್ಟು ಬೇಗ ಕಣ್ಣು ಉಳಿಸುವ ವ್ಯವಸ್ಥೆ ಬೆಳೆದಿಲ್ಲ.

ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೆ ದಾರಿ ತೋರಿದೆಯೆಂಬುದನ್ನೂ ಹೇಳಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ 'ಕಿಡ್‌ರಾಪ್' ಎಂಬ ಯೋಜನೆಯನ್ನು ಆರಂಭಿಸಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾದೊಡನೆ ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ನಿಗದಿತ ದಿನಗಳಲ್ಲಿ ತೆರಳಿ, ಶಿಶುಗಳ ಅಕ್ಷಿಪಟಲದ ಚಿತ್ರ ತೆಗೆದು, ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸುತ್ತಾರೆ. ಕೆಂಪು ಎಂದರೆ ತುರ್ತು ಚಿಕಿತ್ಸೆ, ಕಿತ್ತಳೆ ಎಂದರೆ ಮರುತಪಾಸಣೆ. ಚಿತ್ರಗಳನ್ನು ಬೆಂಗಳೂರಿನ ತಜ್ಞರು ಅಂತರಜಾಲದ ಮೂಲಕ ಪರಿಶೀಲಿಸುತ್ತಾರೆ. ರಾಜ್ಯ ಸರ್ಕಾರವೂ ಇದರಲ್ಲಿ ಕೈಜೋಡಿಸಿತು. ಇಷ್ಟಿದ್ದರೂ ಮಕ್ಕಳು ಏಕೆ ತಪ್ಪಿಹೋಗುತ್ತಾರೆ ಎಂಬುದೇ ಪ್ರಶ್ನೆ.

ಮೊದಲ ಕೊರತೆ, ಯಾವ ಮಗುವನ್ನು ತಪಾಸಿಸಬೇಕೆಂಬ ತಿಳಿವಳಿಕೆಯದು. ಅಮೆರಿಕದಲ್ಲಿ ಸಾಮಾನ್ಯವಾಗಿ 1,500 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕದ, ಇಲ್ಲವೆ 30 ವಾರದೊಳಗೆ ಹುಟ್ಟಿದ ಶಿಶುಗಳನ್ನು ಪರೀಕ್ಷಿಸಿದರೆ ಸಾಕು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಶಿಶುಗಳಿಗೂ ಈ ರೋಗ ಬರುತ್ತದೆ. ಆದುದರಿಂದ ಭಾರತದ ಮಾರ್ಗಸೂಚಿಯಂತೆ 2,000 ಗ್ರಾಂಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮೊದಲು ಹುಟ್ಟಿದ ಪ್ರತಿಯೊಂದು ಮಗುವಿಗೂ ತಪಾಸಣೆ ಆಗಬೇಕು. 34ರಿಂದ 36 ವಾರದ ಮಗು ಹೆಚ್ಚು ಕಾಲ ಆಮ್ಲಜನಕ ಪಡೆದಿದ್ದರೆ ಅಥವಾ ಸೋಂಕಿಗೆ ಒಳಗಾಗಿದ್ದರೆ ಅದಕ್ಕೂ ಆಗಬೇಕು. ಹುಟ್ಟಿದ 30 ದಿನಗಳೊಳಗೆ ಮೊದಲ ತಪಾಸಣೆ ಕಡ್ಡಾಯ. ತೀರಾ ಚಿಕ್ಕ ಶಿಶುಗಳಿಗೆ ಎರಡು ಮೂರು ವಾರಗಳಲ್ಲೇ ಆಗಬೇಕು.

ಎರಡನೆಯದು, ರೋಗ ಹೊರಗೆ ಕಾಣುವುದಿಲ್ಲ. ಕಣ್ಣು ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ. ಪಾಪೆಯಲ್ಲಿ ಬಿಳಿ ಬಣ್ಣ ಕಂಡು ಮನೆಯವರು ಓಡಿಬರುವ ವೇಳೆಗೆ ಬಹುಪಾಲು ಕಾಲ ಮೀರಿರುತ್ತದೆ.

ಮೂರನೆಯದು, ಒಮ್ಮೆ ನೋಡಿಸಿದರೆ ಮುಗಿಯಿತೆಂಬ ಭಾವನೆ. ನಾಳಗಳು ಪೂರ್ಣ ಬೆಳೆಯುವವರೆಗೆ ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ತಜ್ಞರು ಹೇಳಿದಂತೆ ಮತ್ತೆ ತೋರಿಸಲೇಬೇಕು. ರೋಗ ತೀವ್ರವೆಂದು ಕಂಡರೆ ಎರಡು ಮೂರು ದಿನಗಳೊಳಗೆ ಲೇಸರ್ ಅಥವಾ ಚುಚ್ಚುಮದ್ದಿನ ಚಿಕಿತ್ಸೆ ದೊರೆಯಬೇಕು.

ನಾಲ್ಕನೆಯ ಕೊರತೆ ನಮ್ಮ ಊರುಗಳಲ್ಲೇ ಇದೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯ ಸೊಸೆಯನ್ನು ಊಹಿಸಿಕೊಳ್ಳಿ. ಆಕೆಯ ತಾಯಿ ಕಾರ್ಡ್ ಆಗಿರುವುದು ಗಂಡನ ಊರಿನಲ್ಲಿ. ಹೆರಿಗೆ ಆದದ್ದು ಮಂಡ್ಯದಲ್ಲಿ. ಮೂರು ವಾರ ಘಟಕದಲ್ಲಿದ್ದ ಕೂಸನ್ನು ಕರೆದುಕೊಂಡು ಬಾಣಂತನಕ್ಕೆ ಹೋದದ್ದು ಕೃಷ್ಣರಾಜಪೇಟೆ ತಾಲ್ಲೂಕಿನ ತವರಿಗೆ. ಗಂಡನ ಊರಿನ ಆಶಾ ಕಾರ್ಯಕರ್ತೆ ಮನೆಗೆ ಬಂದರೆ ತಾಯಿ ಮಗು ಅಲ್ಲಿಲ್ಲ. ತವರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಆ ಮಗುವಿನ ಹೆಸರೇ ಇಲ್ಲ. ಬಿಡುಗಡೆ ಚೀಟಿಯ ಕೊನೆಯ ಸಾಲಿನಲ್ಲಿ ಕಣ್ಣಿನ ತಪಾಸಣೆಯ ದಿನಾಂಕವಿದೆ. ಅದನ್ನು ಓದಿ ಹೇಳುವವರಿಲ್ಲ. ಓದಿದರೂ, ಹಸಿ ಬಾಣಂತಿ ಎಳೆಗೂಸಿನೊಡನೆ ಹೊಸಿಲು ದಾಟಬಾರದೆಂದು ಹಿರಿಯರು ತಡೆಯುತ್ತಾರೆ. ಇಲ್ಲಿ ಯಾರೂ ದುಷ್ಟರಲ್ಲ, ಎಲ್ಲರೂ ಮಗುವಿನ ಹಿತ ಬಯಸುವವರೇ. ಆದರೂ ಮೂವತ್ತು ದಿನಗಳು ಕಳೆದುಹೋಗುತ್ತವೆ.

ಇದರ ಬೆಲೆ ಏನೆಂಬುದಕ್ಕೆ ಒಂದು ನಿದರ್ಶನ. 1996ರಲ್ಲಿ ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿ ಅವಧಿಗೆ ಮುನ್ನ ಜನಿಸಿದ ಹೆಣ್ಣುಮಗುವಿಗೆ ಸಕಾಲದಲ್ಲಿ ತಪಾಸಣೆ ಆಗಲಿಲ್ಲ, ಅದು ದೃಷ್ಟಿ ಕಳೆದುಕೊಂಡಿತು. 2015ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೋಟಿ ರೂಪಾಯಿಗೂ ಮೀರಿದ ಪರಿಹಾರ ನೀಡುವಂತೆ ಆದೇಶಿಸಿತು. ತೀರ್ಪು ಬರುವ ವೇಳೆಗೆ ಆ ಮಗುವಿಗೆ ಹದಿನೆಂಟು ವರ್ಷ. ಪರಿಹಾರ ಬಂದಿತು, ದೃಷ್ಟಿ ಮರಳಲಿಲ್ಲ.

ಗ್ರಾಮ ಪಂಚಾಯಿತಿ ಏನು ಮಾಡಬಹುದು? ನನ್ನ ವಿನಂತಿಗಳು ಐದು.

1. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ಸಮಿತಿಯ ಪ್ರತಿ ಮಾಸಿಕ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿರಿ: ಈ ತಿಂಗಳು ಎರಡು ಕಿಲೋಗಿಂತ ಕಡಿಮೆ ತೂಕದ ಅಥವಾ ದಿನ ತುಂಬದ ಮಗು ಯಾವ ಮನೆಗೆ ಬಂದಿದೆ, ಅದರ ಕಣ್ಣಿನ ತಪಾಸಣೆ ಆಗಿದೆಯೇ? ಉತ್ತರ ನಡಾವಳಿಯಲ್ಲಿ ದಾಖಲಾಗಲಿ. ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ಹುಟ್ಟಿದ ಮಗುವೂ ಇದರಲ್ಲಿ ಸೇರಲಿ.

2. ಬಾಣಂತನಕ್ಕೆ ಬಂದ ಮಗುವನ್ನೂ ನಮ್ಮೂರಿನ ಮಗುವೆಂದೇ ಎಣಿಸಿರಿ. ತವರಿನ ಆಶಾ ಕಾರ್ಯಕರ್ತೆಗೆ ಗಂಡನ ಊರಿನವರು ದೂರವಾಣಿಯಲ್ಲಿ ತಿಳಿಸುವ ರೂಢಿ ಬೆಳೆಯಲಿ.

3. ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಭೇಟಿ ನೀಡುತ್ತಾರೆ. 28ನೆಯ ದಿನದ ಭೇಟಿಯವರೆಗೆ ಕಾಯದೆ, ಮೊದಲ ಭೇಟಿಯಲ್ಲೇ ಬಿಡುಗಡೆ ಚೀಟಿಯನ್ನು ನೋಡಿ ದಿನಾಂಕವನ್ನು ಓದಿ ಹೇಳಲಿ.

4. ಪ್ರಯಾಣದ ಖರ್ಚು ಅಡ್ಡಿಯಾಗದಿರಲಿ. ಅಸ್ವಸ್ಥ ಶಿಶುಗಳಿಗೆ ಒಂದು ವರ್ಷದವರೆಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಮತ್ತು ಸಾರಿಗೆ ನೀಡಲು ಜನನಿ ಶಿಶು ಸುರಕ್ಷಾ ಕಾರ್ಯಕ್ರಮವಿದೆ. ತೀರಾ ಬಡ ಕುಟುಂಬಕ್ಕೆ ಸಮಿತಿಯ ಮುಕ್ತ ನಿಧಿಯಿಂದಲೂ ನೆರವಾಗಬಹುದು.

5. ಮನೆಯ ಹಿರಿಯರೊಡನೆ ಸದಸ್ಯರೇ ಮಾತನಾಡಿರಿ. ಔಷಧದ ಹನಿ ಹಾಕಿ ನೋಡುವ ಈ ತಪಾಸಣೆಯಲ್ಲಿ ಮಗು ಅಳಬಹುದು, ಆದರೆ ಅದು ಕೆಲವೇ ನಿಮಿಷಗಳ ಮಾತು. ಕೂಸನ್ನು ಬೆಚ್ಚಗೆ ಸುತ್ತಿ, ತಾಯಿಯ ಎದೆಗೊತ್ತಿಕೊಂಡು ಕರೆದೊಯ್ದರೆ ಬಾಣಂತನದ ಪಥ್ಯಕ್ಕೆ ಭಂಗವಿಲ್ಲವೆಂದು ನಿಮ್ಮ ಬಾಯಿಂದ ಬಂದರೆ ಅವರು ನಂಬುತ್ತಾರೆ.

ಬಂಧುಗಳೇ, ವೈರಮುಡಿ ಉತ್ಸವದ ರಾತ್ರಿ ಚೆಲುವನಾರಾಯಣನ ದರ್ಶನಕ್ಕಾಗಿ ಈ ಬೆಟ್ಟಕ್ಕೆ ಸಾವಿರಾರು ಜನರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಾರೆ. ಹೆಗಲ ಮೇಲಿನ ಮಗು ಕಾಣಲೆಂಬುದೇ ಅವರ ಆಸೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ದಿನ ತುಂಬದೆ ಹುಟ್ಟಿದ ಯಾವ ಮಗುವೂ ಆ ಭಾಗ್ಯದಿಂದ ವಂಚಿತವಾಗದಿರಲಿ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಒಂದು ಸಾಲಿನ ಸ್ಥಾನ ಕೊಡಿರೆಂದು ಕೋರಿ ನನ್ನ ಮಾತು ಮುಗಿಸುತ್ತೇನೆ.